ಬುಕ್‌ಪೋಸ್ಟಿನಲ್ಲಿ ಹೋದ ಪುಸ್ತಕಗಳು

ಪುಸ್ತಕವನ್ನು ಅಂಚೆಯಲ್ಲಿ ಕಳಿಸಲು ಎಷ್ಟು ದಾರಿಗಳಿವೆ ಎಂದು ಯಾರಾದರೂ ಪ್ರಕಾಶನದಲ್ಲಿ ಕಟ್ಟು ಕಟ್ಟುವ ತಕ್ಕಡಿ ಎಂಬವನನ್ನು ಕೇಳಿದರೆ ಮುಗಿಯಿತು, ಕೇಳಿದವರ ಮಧ್ಯಾಹ್ನದ ಊಟ ತಣ್ಣಗಾದಂತೆಯೇ. ಕಾಗದದ ದರ, ಪಾರ್ಸಲ್ ದರ, ರಿಜಿಸ್ಟರು, ತುರ್ತು ಅಂಚೆ, ಇವೆಲ್ಲ ಅವನ ಲೆಕ್ಕದಲ್ಲಿ ತಲೆ ಕೆಟ್ಟವರಿಗೂ ದುಡ್ಡು ಕೊಬ್ಬಿದವರಿಗೂ ಇರುವಂಥವು. ಬುದ್ಧಿ ನೆಟ್ಟಗಿರುವವರಿಗೆ ಇರುವುದು ಒಂದೇ, ಬುಕ್‌ಪೋಸ್ಟ್. ಎಲ್ಲಕ್ಕಿಂತ ಅಗ್ಗ. ಅಗ್ಗ ಅಂದಮೇಲೆ ಕೇಳಬೇಕೆ, ಅದಕ್ಕೆ ನೂರೆಂಟು ಕಟ್ಟುಪಾಡು. ಕಟ್ಟಿನ ಎರಡೂ ತುದಿ ತೆರೆದಿರಬೇಕು. ಕೌಂಟರಿನವರು ಬೇಕೆಂದಾಗ ಪುಸ್ತಕವನ್ನು ಹೊರಗೆಳೆದು ನೋಡಿ ಮತ್ತೆ ಒಳಗೆ ತಳ್ಳುವಂತಿರಬೇಕು. ಒಳಗೆ ಅಚ್ಚಾದ ಅಕ್ಷರ ಮಾತ್ರ ಇರಬೇಕು. ಕೈಯಲ್ಲಿ ಬರೆದ ಒಂದು ಸಾಲು ಸಿಕ್ಕಿತೋ, ಅದು ಪುಸ್ತಕವಲ್ಲ, ಕಾಗದ. ದರ ಮೂರುಪಟ್ಟು.

ಪ್ರಕಾಶನದ ಹಿಂಬದಿಯಲ್ಲಿ, ಬೈಂಡಿಂಗ್ ಕೋಣೆಗೂ ಕಕ್ಕಸಿಗೂ ನಡುವೆ ಸಿಕ್ಕಿಕೊಂಡಿದ್ದ ಕೋಣೆ ಅವನದು. ಒಂದು ಕಿಟಕಿ, ಉದ್ದನೆಯ ಮೇಜು, ಕಂದು ಕಾಗದದ ಸುರುಳಿ, ಗೋಂದಿನ ಡಬ್ಬಿ, ಸೆಣಬಿನ ದಾರದ ಉಂಡೆ, ಮೇಜಿನ ತುದಿಯಲ್ಲಿ ಹಿತ್ತಾಳೆಯ ತಕ್ಕಡಿ. ಅಡ್ಡಹೆಸರು ಹುಟ್ಟಿದ್ದು ಅಲ್ಲಿಂದಲೇ. ತೂಕ ಕೂದಲೆಳೆಯಷ್ಟು ಮೇಲೆ ಹೋದರೂ ಕಟ್ಟು ಮುಂದಿನ ದರಕ್ಕೆ ಬೀಳುತ್ತದೆ. ಅಂಥ ಹೊತ್ತಿನಲ್ಲಿ ಅವನು ಕಂದು ಕಾಗದದ ಮೂಲೆಗಳನ್ನು ಕತ್ತರಿಸುವನು, ಎರಡು ಗಂಟು ಹಾಕುವ ಕಡೆ ಒಂದೇ ಹಾಕುವನು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಭಾರವಾಗುತ್ತದೆಂದು ಕಟ್ಟುಗಳನ್ನು ಕಿಟಕಿಯ ಬಳಿ ಸಾಲಾಗಿ ನಿಲ್ಲಿಸಿ ಬಿಸಿಲಿಗೆ ಕಾಯುವನು. "ಲೋ, ಅದರ ಮೇಲೆ ಉಸಿರು ಬಿಡಬೇಡ್ವೋ, ತೂಕ ಜಾಸ್ತಿ ಆದೀತು" ಎಂದು ಬೈಂಡರ್ ಬಾಗಿಲಲ್ಲಿ ನಿಂತು ರೇಗಿಸುತ್ತಿದ್ದ. ತಕ್ಕಡಿ ನಗುತ್ತಿರಲಿಲ್ಲ. ಉಸಿರನ್ನು ನಿಜವಾಗಿಯೂ ಸ್ವಲ್ಪ ಬಿಗಿಹಿಡಿಯುತ್ತಿದ್ದನೋ ಏನೋ.

ಒಮ್ಮೆ ದೊಡ್ಡ ಲೇಖಕರೊಬ್ಬರು ಬಂದು ತಮ್ಮ ಹೊಸ ಪುಸ್ತಕದ ಪ್ರತಿಗಳ ಮೇಲೆಲ್ಲ "ಪ್ರೀತಿಯಿಂದ" ಎಂದು ಶಾಯಿಯಲ್ಲಿ ಬರೆಯಲು ಕೂತರು. ತಕ್ಕಡಿ ಮೊದಲನೆಯದನ್ನೇ ಕೈಯಿಂದ ಕಿತ್ತುಕೊಂಡ. "ಸ್ವಾಮಿ, ನಿಮ್ಮ ಪ್ರೀತಿಗೆ ಮೂರುಪಟ್ಟು ಬೀಳುತ್ತೆ. ಪ್ರೀತಿ ಮನಸ್ಸಲ್ಲೇ ಇರಲಿ." ಯಜಮಾನರು ಹಣೆ ಹಣೆ ಚಚ್ಚಿಕೊಂಡರು. ಆದರೆ ವರ್ಷದ ಕೊನೆಗೆ ಅಂಚೆ ಖರ್ಚು ನೋಡಿದಾಗ ಅವರಿಗೂ ಬಾಯಿ ಕಟ್ಟಿಹೋಗುತ್ತಿತ್ತು. ತಕ್ಕಡಿಯ ಕೈಯಿಂದ ಹೋದ ಒಂದೇ ಒಂದು ಕಟ್ಟೂ ಬುಕ್‌ಪೋಸ್ಟ್ ಅಲ್ಲವೆಂದು ಕೌಂಟರಿನಿಂದ ವಾಪಸು ಬಂದಿರಲಿಲ್ಲ. ಇದು ಅವನ ಮಾನ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಆ ಜಾತಿಯ ಮಾನ.

ಅಂಗಡಿಗಳಿಂದ ಹಿಂದಿರುಗಿ ಬಂದ ಪ್ರತಿಗಳಲ್ಲಿ ಪೆನ್ಸಿಲ್ ಗೀಟುಗಳಿರುತ್ತಿದ್ದವು. ಅವನ್ನು ಅಳಿಸಿ ಮತ್ತೊಬ್ಬರಿಗೆ ಕಳಿಸುವುದೂ ಅವನದೇ ಕೆಲಸ. ಅದಕ್ಕೂ ಒಂದು ಹದವಿದೆ. ಹಾಳೆಯನ್ನು ಎಡಗೈಯ ಎರಡು ಬೆರಳಲ್ಲಿ ಬಿಗಿಹಿಡಿದು, ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ, ಒಂದೇ ದಿಕ್ಕಿಗೆ ರಬ್ಬರು ಉಜ್ಜಬೇಕು. ಹಿಂದೆ ಮುಂದೆ ಎಳೆದಾಡಿದರೆ ಹಾಳೆ ಮುದುರಿಕೊಳ್ಳುತ್ತದೆ. ಇನ್ನೂ ಒಂದು ಮಾತು, ಅಲ್ಲಿ ಏನು ಬರೆದಿದೆ ಎಂದು ಓದಬಾರದು. ಓದಿದರೆ ಕೈ ನಿಲ್ಲುತ್ತದೆ, ಸಂಜೆಯೊಳಗೆ ಕೆಲಸ ಮುಗಿಯುವುದಿಲ್ಲ.

ಅವನ ಹೆಂಡತಿ ಇದಕ್ಕೆ ತದ್ವಿರುದ್ಧ. ಆಸ್ಪತ್ರೆಯೊಂದರ ಬಟ್ಟೆ ವಿಭಾಗದಲ್ಲಿ ಹರಿದ ಹಾಸುಗಳನ್ನು ಹೊಲಿಯುವ ಕೆಲಸ ಅವಳದು. ಹಗಲೆಲ್ಲ ಮಿಷನ್ನಿನ ಮುಂದೆ ಕೂತು ಬಂದವಳಿಗೆ ಸಂಜೆ ಪುಸ್ತಕ ಬೇಕು. ಬೈಂಡಿಂಗಿನಲ್ಲಿ ಕೆಟ್ಟ ಪ್ರತಿಗಳನ್ನು, ಅಂದರೆ ಹಾಳೆ ತಲೆಕೆಳಗಾದವು, ಮಧ್ಯದ ಪುಟಗಳೇ ಹಾರಿಹೋದವು, ಅಂಥವನ್ನೆಲ್ಲ ಅವನು ಮನೆಗೆ ತರುತ್ತಿದ್ದ. ಅವಳು ಒಂದನ್ನೂ ಬಿಡದೆ ಓದುತ್ತಿದ್ದಳು. ಕೂದಲಿಗೆ ಸಿಕ್ಕಿಸಿಕೊಂಡ ಪೆನ್ಸಿಲ್ ತೆಗೆದು ಅಂಚಿನಲ್ಲಿ ಬರೆಯುತ್ತಲೂ ಇದ್ದಳು. ಕಥೆಯ ನಾಯಕಿ ಎರಡು ಪುಟ ಬಿಡದೆ ಅತ್ತರೆ ಪಕ್ಕದಲ್ಲಿ "ಏಳೇ, ಎದ್ದು ಮುಖ ತೊಳ್ಕೋ, ಒಲೆ ಮೇಲೆ ಹಾಲಿದೆ" ಎಂದು. ನಾಯಕ ಮೌನವಾಗಿ ಕಿಟಕಿಯಾಚೆ ನೋಡುತ್ತ ನಿಂತರೆ "ಗೋಡೆಗಾದ್ರೂ ಕಿವಿ ಇದೆ ಅಂತಾರೆ, ನಮ್ಮನೆಯವರಿಗೆ ಅದೂ ಇಲ್ಲ" ಎಂದು.

ಗಂಡ ಕೆಟ್ಟವನೆಂದಲ್ಲ. ಕುಡಿತ ಇಲ್ಲ, ಕೈ ಎತ್ತಿದವನಲ್ಲ, ಸಂಬಳ ನೇರ ಅವಳ ಕೈಗೆ. ಮಕ್ಕಳಾಗಲಿಲ್ಲ, ಅದಕ್ಕೂ ಒಂದು ಕೊಂಕು ಮಾತು ಆಡಿದವನಲ್ಲ. ಕೊಂಕೂ ಇಲ್ಲ, ನೇರವೂ ಇಲ್ಲ. ಮಾತೇ ಇರಲಿಲ್ಲ ಎನ್ನಿ. ಊಟ, ರೇಡಿಯೋ, ನಿದ್ದೆ. ವರ್ಷಕ್ಕೊಮ್ಮೆ ಅವಳ ತಂಗಿ ದೂರದಿಂದ ಬಂದಾಗ ಅಕ್ಕತಂಗಿಯರಿಬ್ಬರೂ ಒಳಕೋಣೆಯಲ್ಲಿ ಹೊಟ್ಟೆಯಡಿ ದಿಂಬು ಹಾಕಿ ಮಲಗಿ ಆ ಅಂಚುಗಳನ್ನು ಓದಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಹೊರಗಿನ ಕೋಣೆಯಲ್ಲಿ ತಕ್ಕಡಿ ರೇಡಿಯೋದ ಕಿವಿ ಹಿಂಡಿ ಸದ್ದು ಹೆಚ್ಚಿಸುತ್ತಿದ್ದ. ಯಾಕೆ ನಗ್ತಿದ್ದೀರಿ ಎಂದು ಒಂದು ಸಲವೂ ಕೇಳಲಿಲ್ಲ.

ಆ ಹೆಂಡತಿ ಒಂದು ದಿನ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಮಣ್ಣು ಮಾಡಿದ್ದಾಯಿತು, ಬಂದವರು ಹೋದದ್ದಾಯಿತು. ತಂಗಿಯೂ ಬಂದು, ಅತ್ತು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬಂದಿದ್ದರಿಂದ ಅಂದೇ ಬಸ್ಸು ಹತ್ತಿದಳು. ತಕ್ಕಡಿಗೆ ಏನೂ ಆಗಲಿಲ್ಲ. ಸುಳ್ಳಲ್ಲ, ಏನೂ ಆಗಲಿಲ್ಲ. ಬಹಳ ಹೊತ್ತು ಮಡಿಸಿಕೊಂಡು ಕೂತ ಕಾಲು ಜೋಮು ಹಿಡಿದು ತನ್ನದಲ್ಲವೆನಿಸುತ್ತದಲ್ಲ, ಅವನು ಇಡಿಯಾಗಿ ಹಾಗಿದ್ದ. ಹಾಲು ಎಂದಿನಷ್ಟೇ ತರುತ್ತಿದ್ದ. ಅರ್ಧ ಉಳಿದು ಸಂಜೆಗೆ ಒಡೆದಿರುತ್ತಿತ್ತು; ಚೆಲ್ಲಿ ಪಾತ್ರೆ ತೊಳೆಯುತ್ತಿದ್ದ. ಮಾರನೆಯ ದಿನ ಮತ್ತೆ ಅಷ್ಟೇ ತರುತ್ತಿದ್ದ. ನೆಂಟರು ಹಿಂದಿನಿಂದ "ಕಲ್ಲು ಕಣ್ರೀ, ಕಲ್ಲು" ಎಂದರು. ಬೈಂಡರ್ ಒಂದು ದಿನ ಹೆಗಲ ಮೇಲೆ ಕೈಹಾಕಿ ಹೇಳಿದ:

"ಅತ್ತುಬಿಡೋ ಮಾರಾಯ. ಎದೆ ಹಗುರ ಆಗುತ್ತೆ."

"ಬರ್ತಿಲ್ಲ," ಎಂದ ತಕ್ಕಡಿ, ಬಸ್ಸಿನ ವಿಷಯ ಹೇಳುವವನಂತೆ. ದಾರ ಕತ್ತರಿಸಿ ಮುಂದಿನ ಕಟ್ಟಿಗೆ ಕೈಹಾಕಿದ.

ಆಮೇಲೆ ತಂಗಿಯ ಫೋನ್ ಬಂತು.

"ಭಾವ, ನಂಗೆ ಅಕ್ಕನ ಬಟ್ಟೆ ಬೇಡ, ಬಳೆ ಬೇಡ. ಅವಳ ಪುಸ್ತಕಗಳನ್ನ ಕಳ್ಸಿ. ಅಕ್ಕ ಇರೋದೇ ಆ ಪುಸ್ತಕಗಳಲ್ಲಿ. ನಂಗೆ ಅವಳ ಮಾತು ಕೇಳ್ಬೇಕು."

"ಕಳಿಸ್ತೀನಿ."

"ಒಂದೂ ಬಿಡಬೇಡಿ. ಹರಿದಿದ್ರೂ ಸರಿ, ತಲೆಕೆಳಗಾಗಿದ್ರೂ ಸರಿ. ಅವಳ ದನಿ ಮರೆತುಹೋಗುತ್ತೋ ಏನೋ ಅಂತ ಭಯ ಆಗ್ತಿದೆ ಭಾವ. ಒಂದೊಂದು ರಾತ್ರಿ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಸಿಗೋದೇ ಇಲ್ಲ."

ಅವನು ಕೇಳಿಸಿಕೊಂಡ. ಕೇಳಿಸಿಕೊಂಡದ್ದು ಒಳಗೆ ಇಳಿಯಬೇಕಲ್ಲ. ಸತ್ತವರು ಹೂವಿನಲ್ಲಿದ್ದಾರೆ, ನಕ್ಷತ್ರದಲ್ಲಿದ್ದಾರೆ ಎಂದು ಜನ ಹೇಳುವುದಿಲ್ಲವೇ, ಇದೂ ಅಂಥದ್ದೇ ಒಂದು ಮಾತು ಎಂದುಕೊಂಡ. ಅವನ ತಲೆ ಆಗಲೇ ತೂಕದ ಕಡೆ ಹೊರಳಿತ್ತು. ಒಂದು ಕಟ್ಟಿಗೆ ಇಂತಿಷ್ಟೇ ಎಂದು ಮಿತಿ. ದಪ್ಪದ್ದರ ಜೊತೆ ತೆಳ್ಳಗಿನದು ಹಾಕಿದರೆ ನಾಲ್ಕು ಕಟ್ಟಿನಲ್ಲಿ ಎಲ್ಲ ಮುಗಿದೀತು. ಅಂದು ಸಂಜೆಯೇ ಒಳಕೋಣೆಯ ಗೂಡಿನಿಂದ ಪುಸ್ತಕಗಳನ್ನೆಲ್ಲ ಇಳಿಸಿ ನೆಲದ ಮೇಲೆ ಜೋಡಿ ಮಾಡಿದ. ಬೇರೆ ಯಾರಾದರೂ ಆಗಿದ್ದರೆ ಒಂದನ್ನು ಬಿಡಿಸಿ ನೋಡುತ್ತಿದ್ದರು. ಅವನು ಕೈಯಲ್ಲಿ ಎತ್ತಿ ತೂಕ ನೋಡಿ ಇಟ್ಟ.

ಕೌಂಟರಿನಲ್ಲಿ ಹಳೆಯ ಗುಮಾಸ್ತ ಇರಲಿಲ್ಲ. ಹೊಸಬಳು, ಚುರುಕು ಹೆಂಗಸು. ತಕ್ಕಡಿಯ ಕಟ್ಟನ್ನು ನೋಡಿಯೇ ಹುಬ್ಬೇರಿಸಿದಳು, ಅಷ್ಟು ಚೊಕ್ಕವಾಗಿತ್ತು. ಆದರೂ ನಿಯಮ ನಿಯಮವೇ. ತೆರೆದ ತುದಿಯಿಂದ ಒಂದು ಪುಸ್ತಕ ಎಳೆದಳು, ಹಾಳೆಗಳನ್ನು ಹೆಬ್ಬೆರಳಲ್ಲಿ ಸರ್ರನೆ ಬಿಟ್ಟಳು, ನಿಂತಳು. ಏನನ್ನೋ ಓದಿ ಅವಳ ತುಟಿ ಸ್ವಲ್ಪ ಅರಳಿದ್ದನ್ನು ತಕ್ಕಡಿ ಗಮನಿಸಲಿಲ್ಲ.

"ಇದರಲ್ಲಿ ಕೈಬರಹ ಇದೆಯಲ್ಲ?"

"ಹಳೇ ಪುಸ್ತಕ. ಓದುವಾಗ ಗೀಚಿರೋದು."

"ಪುಟಪುಟಕ್ಕೂ ಇದೆ. ಬುಕ್‌ಪೋಸ್ಟ್‌ಗೆ ಬರಲ್ಲ. ಪಾರ್ಸಲ್‌ಗೆ ಹಾಕಿಬಿಡಿ, ಅಂಥಾ ಹೆಚ್ಚೇನೂ ಆಗಲ್ಲ."

ತಕ್ಕಡಿಯ ಕಿವಿ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಕಟ್ಟು ಕೌಂಟರ್ ದಾಟದೆ ವಾಪಸು ಬಂದಿತ್ತು, ಅದೂ ಸ್ವಂತದ್ದು. ಅವನಿಗೆ ಕಾಸಿನ ಬರವಿರಲಿಲ್ಲ. ಅಯ್ಯೋ ಪುಣ್ಯಾತ್ಮ, ಹೂಂ ಅಂದು ಪಾರ್ಸಲ್‌ಗೆ ಹಾಕಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

"ಅಳಿಸಿಕೊಂಡು ಬರ್ತೀನಿ," ಎಂದ.

"ಯಾರು ಬರೆದಿದ್ದು?"

"ಮನೆಯವಳು."

"ಅವರನ್ನ ಒಂದು ಮಾತು ಕೇಳಿ ಅಳಿಸಿ ಮತ್ತೆ," ಎಂದಳು ಆಕೆ, ಪುಸ್ತಕವನ್ನು ಒಳಗೆ ತಳ್ಳುತ್ತ. "ಇಷ್ಟೊಂದು ಬರ್ದಿದಾರೆ ಪಾಪ."

"ಸರಿ," ಎಂದ ತಕ್ಕಡಿ.

ರಜೆಯ ದಿನ ಬೆಳಿಗ್ಗೆ ಮುಖ ತೊಳೆದು ಮೇಜಿಗೆ ಕೂತ. ಬಿಳಿ ರಬ್ಬರು, ಪುಡಿ ಕೊಡವಲು ಮೆತ್ತನೆಯ ಬ್ರಷ್ಷು, ಕೆಳಗೆ ಹಾಸಲು ಹಳೆಯ ಟವೆಲ್ಲು. ಮೊದಲನೆಯ ಪುಸ್ತಕದ ಮೊದಲನೆಯ ಹಾಳೆಯನ್ನು ಎರಡು ಬೆರಳಲ್ಲಿ ಬಿಗಿಹಿಡಿದು ರಬ್ಬರು ಎಳೆದ. ಸಲೀಸಾಗಿ ಬಂತು. ಅವಳ ಕೈ ಹಗುರ, ಪೆನ್ಸಿಲನ್ನು ಒತ್ತಿ ಬರೆದವಳಲ್ಲ. ಒಂದು ಪುಟ, ಇನ್ನೊಂದು ಪುಟ, ಕೈಗೆ ಲಯ ಸಿಕ್ಕಿತು. ಅವಳು ಹೋದಮೇಲೆ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಜೋಲುತ್ತಿದ್ದ ಕೈಗಳಿಗೆ ತಮಗೆ ಗೊತ್ತಿದ್ದ ಕೆಲಸ ಸಿಕ್ಕಿತ್ತು. ಸುಖ ಎಂದು ಹೇಳಿದರೆ ತಪ್ಪಾದೀತು, ಆದರೆ ಮಧ್ಯಾಹ್ನದ ಹೊತ್ತಿಗೆ ಅವನಿಗೆ ಹಸಿವಾಯಿತು. ಬಹಳ ದಿನಗಳ ಮೇಲೆ ಹಸಿವೆಂದು ಆದದ್ದು. ಎದ್ದು ಬ್ರೆಡ್ಡು ತಿಂದು, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಮತ್ತೆ ಕೂತ.

ಅವನು ಓದಲಿಲ್ಲ. ಓದಿದರೆ ಕೈ ನಿಲ್ಲುತ್ತದೆ. ಅವನ ಕಣ್ಣಿಗೆ ಅದು ಅಕ್ಷರವಲ್ಲ, ಬೂದು ಬಣ್ಣದ ಕೊಳೆ. ನಾಯಕಿಯ ಒಲೆಯ ಮೇಲಿನ ಹಾಲು ಹೋಯಿತು. ಗೋಡೆಯ ಕಿವಿ ಹೋಯಿತು. ದಪ್ಪ ಕಾದಂಬರಿಯೊಂದರ ನಡುವೆ, ತಲೆಕೆಳಗಾಗಿ ಹೊಲಿದ ಹಾಳೆಯ ಅಂಚಿನಲ್ಲಿ ಹೀಗೆ ಬರೆದಿತ್ತು: "ಇವತ್ತು ಊಟ ಮಾಡುವಾಗ ಇವರು ತಮ್ಮಷ್ಟಕ್ಕೆ ನಕ್ಕರು. ಯಾಕೆ ಅಂತ ಕೇಳಲಿಲ್ಲ. ಕೇಳಿದ್ರೆ ನಿಲ್ಲಿಸಿಬಿಡ್ತಾರೆ. ನಗ್ತಾ ಇರಲಿ." ಅವನು ಹಾಳೆಯನ್ನು ತಿರುಗಿಸಿ ಹಿಡಿದು, ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ ರಬ್ಬರು ಎಳೆದ, ಬ್ರಷ್ಷಿನಲ್ಲಿ ಪುಡಿ ಹೊಡೆದ, ಮುಂದಿನ ಹಾಳೆಗೆ ಹೋದ.

ಕತ್ತಲಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಟವೆಲ್ಲಿನ ಮೇಲೆ ಬೂದು ಪುಡಿ ಗುಪ್ಪೆಯಾಗಿತ್ತು. ಅದನ್ನು ಹಿತ್ತಲಲ್ಲಿ ಕೊಡವಿ ಬಂದ.

ಕೌಂಟರಿನವಳು ಈ ಸಲ ಮೂರು ಪುಸ್ತಕಗಳನ್ನು ಎಳೆದು ನೋಡಿದಳು. ಹಾಳೆಗಳನ್ನು ಬೆಳಕಿಗೆ ಹಿಡಿದಳು.

"ಅಬ್ಬಾ, ಹೊಸದು ಇದ್ದಂಗೆ ಇದೆ," ಎಂದಳು. ಆಮೇಲೆ, ಮುದ್ರೆ ಒತ್ತುವ ಮೊದಲು, "ಕೇಳಿದ್ರಾ ಅವರನ್ನ?"

"ಏನೂ ಅನ್ನಲಿಲ್ಲ," ಎಂದ ತಕ್ಕಡಿ.

ನಾಲ್ಕೂ ಕಟ್ಟು ಬುಕ್‌ಪೋಸ್ಟಿನಲ್ಲಿ ಹೋದವು. ಅಗ್ಗದ ಅಂಚೆ ಆಮೆಯ ತಮ್ಮ. ಒಂದು ಮೂಟೆ ತುಂಬುವವರೆಗೆ ಒಂದು ಊರಲ್ಲಿ ಬಿದ್ದಿರುತ್ತದೆ, ಇನ್ನೊಂದು ಗಾಡಿ ಬರುವವರೆಗೆ ಇನ್ನೊಂದು ಊರಲ್ಲಿ. ತಂಗಿ ಎರಡು ಮೂರು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. "ಬರಲಿಲ್ವಲ್ಲ ಭಾವ?" "ಬರುತ್ತೆ. ಬುಕ್‌ಪೋಸ್ಟ್ ಅಲ್ವಾ." "ಕಳೆದುಹೋಗಿಲ್ಲ ತಾನೆ?" "ನಾನು ಕಟ್ಟಿದ್ದು ಕಳೆಯಲ್ಲ." ಹಾಗೆ ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಜೀವ ಬರುತ್ತಿತ್ತು. ಅವಳೂ ಅದನ್ನು ಕೇಳಿ ಸಮಾಧಾನಪಡುತ್ತಿದ್ದಳು. ಅತ್ತೆಗೆ ಔಷಧಿ ಕುಡಿಸಿ ಮಲಗಿಸಿದಮೇಲೆ ದಿನಕ್ಕೆ ಒಂದೇ ಪುಟ ಓದುತ್ತೇನೆ, ಬೇಗ ಮುಗಿಸಿಬಿಡುವುದಿಲ್ಲ ಎಂದು ಒಮ್ಮೆ ಹೇಳಿದಳು. "ಹೂಂ" ಎಂದ.

ಕೊನೆಗೆ ಒಂದು ಸಂಜೆ ಅವನು ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಫೋನ್ ಬಂತು.

"ಪುಸ್ತಕ ಬಂತು ಭಾವ."

"ಒದ್ದೆ ಆಗಿದೆಯಾ? ದಾರ ಸಡಿಲ ಆಗಿತ್ತಾ?"

"ಇಲ್ಲ. ಚೆನ್ನಾಗಿ ಕಟ್ಟಿದೀರ." ಆ ಕಡೆ ಹಾಳೆಗಳನ್ನು ತಿರುವಿದ ಸದ್ದು. "ಭಾವ, ಇವು ಅಕ್ಕನ ಪುಸ್ತಕಗಳೇನಾ?"

"ಮತ್ತಿನ್ಯಾರದು?"

"ಅಂಚಿನಲ್ಲೆಲ್ಲ ಬರ್ದಿದ್ಳಲ್ಲ. ನಾಲ್ಕೂ ಕಟ್ಟು ಬಿಚ್ಚಿದೆ. ಒಂದೊಂದು ಹಾಳೆನೂ ನೋಡಿದೆ. ಏನೂ ಇಲ್ಲ."

"ಅಳಿಸಿದೆ," ಎಂದ ತಕ್ಕಡಿ. "ಕೈಬರಹ ಇದ್ರೆ ಬುಕ್‌ಪೋಸ್ಟ್‌ಗೆ ತಗೊಳ್ಳಲ್ಲ."

ಆಫೀಸಿನಲ್ಲಿ ಸಾವಿರ ಸಲ ಹೇಳಿದ ಮಾತು, ಹಾಗೆಯೇ ಬಾಯಿಂದ ಬಿತ್ತು. ಬಿದ್ದಮೇಲೆ ಅದು ಅವನ ಕಿವಿಗೇ ಕೇಳಿಸಿತು. ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಅವನಿಗೆ ಭಯವಾಯಿತು. ಹೆಂಡತಿಯ ಉಸಿರು ನಿಂತಾಗಲೂ ಆಗದಿದ್ದ ಭಯ.

"ಎಲ್ಲಾನೂ?"

"ಎಲ್ಲಾನೂ."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಬಹಳ ಮೆಲ್ಲಗೆ, ಚಿಕ್ಕ ಮಗುವನ್ನು ಕೇಳುವಂತೆ ಕೇಳಿದಳು:

"ಅಳಿಸೋ ಮುಂಚೆ ಓದಿದ್ರಾ ಭಾವ?"

ಅವನು ಜೀವಮಾನದಲ್ಲಿ ಸುಳ್ಳು ಹೇಳಿದವನಲ್ಲ. ಸುಳ್ಳಿಗೂ ಒಂದಿಷ್ಟು ಮಾತು ಬೇಕಲ್ಲ.

"ಓದಿದೆ," ಎಂದ.

"ಅಯ್ಯೋ, ಹಾಗಾದ್ರೆ ಸರಿ, ಹಾಗಾದ್ರೆ ಪರ್ವಾಗಿಲ್ಲ," ಎಂದಳು ಅವಳು ಒಂದೇ ಉಸಿರಿಗೆ. "ಹೇಳಿ ಭಾವ. ನೆನಪಿರೋದು ಹೇಳಿ, ನಾನು ಬರ್ಕೋತೀನಿ. ಇರಿ, ಪೆನ್ನು ತಗೋತೀನಿ." ಡ್ರಾಯರ್ ಎಳೆದ ಸದ್ದು, ಏನೋ ಕೆಳಗೆ ಬಿದ್ದ ಸದ್ದು, ಕುರ್ಚಿ ಎಳೆದ ಸದ್ದು. "ಹೂಂ, ಹೇಳಿ."

ತಕ್ಕಡಿ ಗೋಡೆಗೆ ಒರಗಿ ನಿಂತ. ಹೆಂಡತಿಯೊಡನೆ ಕಳೆದ ವರ್ಷಗಳನ್ನೆಲ್ಲ ತಡಕಾಡಿದ. ಅವಳ ಮುಖ ಸಿಕ್ಕಿತು, ಕೂದಲಲ್ಲಿ ಸಿಕ್ಕಿಸಿದ ಪೆನ್ಸಿಲ್ ಸಿಕ್ಕಿತು, ಬಾಯಿ ಆಡುತ್ತಿರುವುದೂ ಸಿಕ್ಕಿತು, ಆದರೆ ರೇಡಿಯೋದ ಸದ್ದಿನಲ್ಲಿ ಏನು ಹೇಳುತ್ತಿದ್ದಾಳೆಂದು ಕೇಳಿಸಲಿಲ್ಲ. ಪುಸ್ತಕದ ವಿಷಯವಾಗಿ ಅವನಿಗೆ ಗೊತ್ತಿದ್ದದ್ದು ಒಂದೇ ಬಗೆಯ ಮಾತು, ಕಟ್ಟು ಕಟ್ಟುವಾಗ ಕಣ್ಣಿಗೆ ಬೀಳುತ್ತಿದ್ದ ಹಿಂಬದಿಯ ರಟ್ಟಿನ ಮಾತು.

"ಒಂದರಲ್ಲಿ ಬರೆದಿದ್ಳು," ಎಂದು ಗಂಟಲು ಸರಿಮಾಡಿಕೊಂಡ. "ಈ ಕೃತಿ... ಬದುಕಿನ ಸುಖದುಃಖಗಳನ್ನು ಸರಳ ಭಾಷೆಯಲ್ಲಿ ಚಿತ್ರಿಸುತ್ತದೆ ಅಂತ."

ಪೆನ್ನು ಕಾಗದದ ಮೇಲೆ ಓಡಿದ್ದು ಕೇಳಿಸಿತು. ನಿಂತದ್ದೂ ಕೇಳಿಸಿತು.

"ಇನ್ನೊಂದು?"

"ಇನ್ನೊಂದು... ಓದುಗರ ಮನಸ್ಸಿನಲ್ಲಿ ಬಹುಕಾಲ ಉಳಿಯುವಂಥದ್ದು, ಅಂತ."

ಈ ಸಲ ಪೆನ್ನು ಓಡಲಿಲ್ಲ. ಅವಳ ಮನೆಯ ಒಳಗಿನಿಂದ ಮುದುಕಿಯೊಬ್ಬಳು ನೀರು ಕೇಳುತ್ತಿದ್ದಳು.

"ಅಕ್ಕ ಹೀಗೆ ಮಾತಾಡ್ತಿರ್ಲಿಲ್ಲ ಭಾವ," ಎಂದಳು ಅವಳು. ಅದರಲ್ಲಿ ಸಿಟ್ಟೂ ಇರಲಿಲ್ಲ.

"ಮತ್ತೆ ಹೇಗೆ ಮಾತಾಡ್ತಿದ್ಳು?"

ವಾದಕ್ಕೆ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಈಗಲೇ, ಈ ಕ್ಷಣವೇ, ಒಂದೇ ಒಂದು ಮಾತಾದರೂ ಬೇಕಿತ್ತು. "ನೀನೇ ಹೇಳಮ್ಮ," ಎಂದ, "ಹೇಗೆ ಮಾತಾಡ್ತಿದ್ಳು?" ಎಂದು ಮತ್ತೊಮ್ಮೆ, ಇನ್ನೂ ಜೋರಾಗಿ ಕೇಳಿದ. ಆ ಕಡೆ ಫೋನ್ ಇಟ್ಟಾಗಿತ್ತು.